ಕೊನೆಯ ಮಡಿಕೆ

"ಅಪ್ಪಾ, ಫ್ರಾಕು ಮತ್ತೆ ಗಿಡ್ಡ ಆಯ್ತು!"

ಟೈಲರ್ ಮಗಳ ಫ್ರಾಕಿನ ಅಂಚು ತಿರುವಿದ. ಬೆಳೆಯುವ ಹುಡುಗಿಯೆಂದು ಹೊಲಿಯುವಾಗಲೇ ಒಳಗೆ ಬಟ್ಟೆ ಮಡಚಿಟ್ಟಿದ್ದ. ಎರಡು ಸಲ ಬಿಚ್ಚಿ ಉದ್ದ ಮಾಡಿದ್ದೂ ಆಗಿತ್ತು. ಇನ್ನು ಬಿಚ್ಚಲು ಬೆರಳಗಲದ ಬಟ್ಟೆಯೂ ಉಳಿದಿರಲಿಲ್ಲ. ಅದನ್ನು ತೊಟ್ಟ ಮಗಳ ಫೋಟೋ ಮಾತ್ರ ಒಂದೂ ಇಲ್ಲ. ಹಳೇ ಫೋನಿನಲ್ಲಿ ಮುಖವೆಲ್ಲ ಮಂಜು ಮಂಜು; ಒಳ್ಳೇ ಕ್ಯಾಮೆರಾದ ಹೊಸ ಫೋನು ಬರಲಿ ಎಂದು ಕಾದಿದ್ದೇ ಕಾದಿದ್ದು.

ಪಕ್ಕದ ಮೊಬೈಲ್ ಅಂಗಡಿಯವನು ಇಣುಕಿದ. "ಅಣ್ಣಾ, ಆತುರ ಬೇಡ. ಮುಂದಿನ ತಿಂಗಳು ಇನ್ನೊಂದು ಮಾಡೆಲ್ ಬರುತ್ತೆ. ಕ್ಯಾಮೆರಾ ಅಂದ್ರೆ ಅದು ಕ್ಯಾಮೆರಾ!"

ಟೈಲರ್ ಅಂಚಿನ ಮೇಲೆ ಹೆಬ್ಬೆರಳಾಡಿಸಿದ. ಬಿಚ್ಚಿದ ಎರಡು ಹೊಲಿಗೆಗಳ ಗೆರೆಗಳು ಹಾಗೇ ಉಳಿದಿದ್ದವು.

"ಈಗಿರೋದನ್ನೇ ಕೊಡು ತಮ್ಮಾ," ಎಂದವನು ಫ್ರಾಕನ್ನು ಮಗಳತ್ತ ಚಾಚಿದ. "ಗಿಡ್ಡ ಆದ್ರೆ ಆಗ್ಲಿ ಪುಟ್ಟಿ. ಇನ್ನೊಂದೇ ಒಂದು ಸಲ ಹಾಕ್ಕೊಂಡು ಬಾ."