ಕಳೆ ತೆಗೆಯುವ ಹಾಡು

"ಮೇಡಂ, ನಿಮ್ಮ ಪಿಎಚ್‌ಡಿ ಪ್ರಬಂಧ ಅರ್ಧಕ್ಕರ್ಧ ಕಾಪಿ ಅಂತ ಕಂಪ್ಯೂಟರ್ ತೋರ್ಸಾಕತ್ತೈತ್ರಿ," ಎಂದು ವಿಶ್ವವಿದ್ಯಾಲಯದ ಗುಮಾಸ್ತ ಅನುರಾಧಾಳ ಅರ್ಜಿಯನ್ನು ಹಿಂದಕ್ಕೆ ತಳ್ಳಿದ.

ಅವಳಿಗೆ ತಲೆಬುಡ ತಿಳಿಯಲಿಲ್ಲ. ಕಂಪ್ಯೂಟರ್ ಕೆಂಪು ಬಳಿದ ಸಾಲುಗಳೆಲ್ಲ ತನ್ನೂರು ಸೊನ್ನದ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತಾ ಅವ್ವ ಹಾಡಿದ ಹಾಡುಗಳು. ಕೇಳಿ ಬರೆದುಕೊಂಡವಳು ತಾನೇ. ಪಕ್ಕದಲ್ಲಿ ಮೂಲ ಲೇಖಕರೆಂದು ಇದ್ದದ್ದು ಮಾತ್ರ ಅವಳ ಗೈಡ್ ಅಮರನಾಥರ ಹೆಸರು!

"ನೀ ತೋರಿಸಿದ್ಯಲ್ಲ ಆ ಹಾಡು, ಹೋದ ವರ್ಷ ನನ್ನ ಹೆಸರಿಲೆ ಜರ್ನಲ್‌ನಾಗ ಹಾಕೇನಿ. ಅದಕ್ಯಾಕ ಗಾಬರಿ?" ಅಲ್ಲೇ ಕೂತಿದ್ದ ಅಮರನಾಥ ನಕ್ಕರು. "ಹಾಡು ಬಳಸಾಕ ನನ್ನ ಪರವಾನಗಿ ಕೇಳಿ ಬರದುಕೊಡು, ಸಹಿ ಮಾಡ್ತೇನಿ. ಪ್ರಬಂಧ ಕೊಡಾಕ ಇವತ್ತೇ ಕಡೀ ದಿನ."

ಅನುರಾಧಾ ಪೆನ್ನು ಎತ್ತಿದಳು. ಜೊತೆಗೆ ಬಂದಿದ್ದ ಅವ್ವ ಹೀರಾಬಾಯಿ ಮಗಳ ಮುಖ, ಅಮರನಾಥರ ಮುಖ ನೋಡಿ, ಏನೂ ತಿಳಿಯದೆ ಕೇಳಿದಳು:

"ಸಾಹೇಬ್ರ, ನಾಳಿ ಹೊಲಕ್ಕ ಹೋಗ್ತೇನ್ರಿ. ಹಾಡಾಕ ನಾನೂ ನಿಮಗ ಅರ್ಜಿ ಕೊಡಬೇಕೇನ್ರಿ?"

ಅನುರಾಧಾ ಪೆನ್ನಿನ ಮುಚ್ಚಳ ಹಾಕಿದಳು.