ಸೇತುವೆಯ ಉಪವಾಸ

ಯುದ್ಧ ಮುಗಿದ ಐವತ್ತು ವರ್ಷಕ್ಕೆ, ಬಾಂಬರ್ ವಿಮಾನಗಳಲ್ಲಿ ಹಾರಿದ ನಾವು ಮುದುಕರೆಲ್ಲ ಒಂದು ಪಬ್ಬಿನಲ್ಲಿ ಮಧ್ಯಾಹ್ನದ ಊಟಕ್ಕೆ ಸೇರಿದ್ದೆವು. ನನ್ನೆದುರು ಕೂತವರು ನನ್ನ ಪೈಲಟ್. ಅವರು ವಿಮಾನ ಹಾರಿಸುತ್ತಿದ್ದರು. ನಾನು ವಿಮಾನದ ಮೂತಿಯೊಳಗೆ ಬೋರಲು ಮಲಗಿ ಬಾಂಬು ಬೀಳಿಸುವ ಗುಂಡಿ ಒತ್ತುತ್ತಿದ್ದೆ. ಬಾಂಬು ಎಲ್ಲಿ ಬಿತ್ತೆಂದು ಕಾಣುತ್ತಿದ್ದುದು ನನಗೊಬ್ಬನಿಗೇ.

ನನಗೆ ಬಿಯರ್, ಮೀನು ತರಿಸಿದ ಅವರು ತಾವು ಬರೀ ನೀರು ಕುಡಿದರು.

"ಆ ಸೇತುವೆಗೆ ಬಾಂಬು ಹಾಕಿದ ತಾರೀಖು ಇದು. ಪ್ರತಿ ವರ್ಷ ಈ ದಿನ ನಾನು ಉಣ್ಣಲ್ಲ ಕಣಯ್ಯಾ. ಸೇತುವೆ ಮೇಲೆ ಹೆಂಗಸರು, ಮಕ್ಕಳಿದಾರೆ ಅಂತ ನೀನು ಕೂಗಿದೆ. ಒತ್ತು ಅಂದೋನು ನಾನು."

ನನ್ನ ಮೀನಿನ ತಟ್ಟೆಯನ್ನು ಅವರತ್ತ ತಳ್ಳಿದೆ. ಇಷ್ಟು ವರ್ಷ ಇವರನ್ನು ಸುಮ್ಮನೆ ಉಪವಾಸ ಕೆಡವಿದೆನಲ್ಲ!

"ಊಟ ಮಾಡಿ ಸರ್. ಅಲ್ಲಿ ಯಾರೂ ಸಾಯಲಿಲ್ಲ. ನಾನು ಬೇಕಂತಲೇ ತಡವಾಗಿ ಒತ್ತಿದೆ, ಬಾಂಬೆಲ್ಲ ಹೊಳೆಗೆ ಬಿತ್ತು. ಸೇತುವೆ ಉರುಳಿತು ಅಂತ ವರದಿಯಲ್ಲಿ ಸುಳ್ಳು ಬರೆದೆ."

ಅವರ ಮುಖ ಅರಳಿತು. ಚಮಚ ಎತ್ತಿಕೊಂಡರು. ಆಮೇಲೆ ಮೆಲ್ಲಗೆ ಕೆಳಗಿಟ್ಟರು.

"ಸೇತುವೆ ಬಿದ್ದಿದೆ ಅಂತ ನಂಬಿ ನನ್ನ ತಮ್ಮನ ತುಕಡಿ ಅವತ್ತು ರಾತ್ರಿ ಈಚೆ ದಡದಲ್ಲಿ ನಿಶ್ಚಿಂತೆಯಿಂದ ಮಲಗಿತ್ತು. ಒಬ್ಬನೂ ಉಳೀಲಿಲ್ಲ. ಶತ್ರುಗಳ ಟ್ಯಾಂಕು ಹೊಳೆ ಹೆಂಗೆ ದಾಟಿದ್ವು ಅಂತ ಇವತ್ತು ಗೊತ್ತಾಯ್ತು ಕಣಯ್ಯಾ."