ಏಳನೆಯ ಪುಟ

"ಸಹಿ ಎಲ್ಲಿ ಹಾಕುವುದು ಸಿಸ್ಟರ್?" ಉಮರಬ್ಬ ಪೆನ್ನು ಹಿಡಿದು ಕೂತಿದ್ದರು. ಮತ್ರಾ ಸೂಕ್ ಎಂಬ ಪೇಟೆಯಲ್ಲಿ ಮೂವತ್ತೆಂಟು ವರ್ಷ ಬಟ್ಟೆ ಹೊಲಿದ ಅವರು ಒಮಾನಿನಲ್ಲಿ ಯಾವ ಕಾಗದಕ್ಕೂ ಓದಿ ಸಹಿ ಹಾಕಿದವರಲ್ಲ.

ರತ್ನಪ್ರಭಾ ಪೆನ್ನಿಗೆ ಕೈ ಅಡ್ಡ ಇಟ್ಟಳು. ಅಲ್ಲಿನ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಹೊಸ ಔಷಧಿಯ ಪ್ರಯೋಗ ನೋಡಿಕೊಳ್ಳುವ ನರ್ಸ್ ಅವಳು, ಮೈಸೂರಿನವಳು. "ಓದದೆ ಹಾಕಿದ ಸಹಿ ನಮ್ಮಲ್ಲಿ ನಡೆಯಲ್ಲ. ನಿಮಗೋಸ್ಕರ ಈ ಒಪ್ಪಿಗೆ ಪತ್ರ ಕನ್ನಡದಲ್ಲೇ ಮಾಡಿಸಿದ್ದೀವಿ."

ಗೊಣಗುತ್ತಲೇ ಓದಿದ ಉಮರಬ್ಬನ ಬೆರಳು ಏಳನೆಯ ಪುಟದಲ್ಲಿ ನಿಂತಿತು. "ಇದೆಂತ ಬರ್ದದ್ದು? 'ಕಾರಣ ಹೇಳದೆ ಯಾವಾಗ ಬೇಕಾದರೂ ಪ್ರಯೋಗ ಬಿಟ್ಟುಹೋಗಬಹುದು.' ಹಾಗೆ ಬಿಟ್ರೆ ಮತ್ತೆ ಮದ್ದು ಕೊಡುದಿಲ್ವಾ?"

"ಯಾಕೆ ಕೊಡಲ್ಲ? ಮಾಮೂಲಿ ಚಿಕಿತ್ಸೆ ಮುಂದುವರಿಯುತ್ತೆ."

"ಕಫೀಲನ್ನು ಕೇಳ್ಬೇಕಲ್ಲ?" ಇಷ್ಟು ವರ್ಷ ಕೆಲಸ ಬದಲಿಸುವುದಕ್ಕೂ ರಜೆಗೆ ಊರಿಗೆ ಹೋಗುವುದಕ್ಕೂ ವೀಸಾ ಕೊಟ್ಟ ಆ ಧಣಿಯ ಒಪ್ಪಿಗೆ ಬೇಕಿತ್ತು.

"ಯಾರನ್ನೂ ಕೇಳಬೇಕಿಲ್ಲ. ನೀವು ಬೇಡ ಅಂದ್ರೆ ಖಲಾಸ್."

ಉಮರಬ್ಬ ಹೊಲಿಗೆ ಗಟ್ಟಿಯಿದೆಯೇ ಎಂದು ನೋಡುವವರ ಹಾಗೆ ಆ ಸಾಲನ್ನು ಹೆಬ್ಬೆರಳಿನಿಂದ ಸವರಿದರು. "ಬಿಟ್ಟುಹೋಗ್ಬಹುದು ಅಂತ ನನಗೆ ಬರ್ದು ಕೊಟ್ಟವರು ನೀವೇ ಮೊದಲು," ಎಂದು ಪೆನ್ನಿನ ಮುಚ್ಚಳ ತೆಗೆದರು. "ಹಾಗಾದ್ರೆ ನಾನು ಇರ್ತೇನೆ."